ಸಮ್ಮಿಶ್ರ ಸರಕಾರಗಳು ಮತ್ತು ಕೊಟ್ಟ ಮಾತಿನ ಬೆಲೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಎರಡು ವಿಧಾನಸಭೆಗಳೊಡನೆ ನಂಟಿದೆ. ನಾವು ಮತ ನೀಡುವುದು ಮಹಾರಾಷ್ಟ್ರದ ವಿಧಾನಸಭೆಗೆ. ಊರಿನ ಮನೆ, ಗದ್ದೆ-ತೋಟ, ಬಂಧುಬಳಗದ ಕಾರಣದಿಂದ ಮನಸ್ಸು ಹರಿಯುವುದು ಕರ್ನಾಟಕದ ವಿಧಾನಸಭೆಯ ಕಡೆಗೆ. ಚುನಾವಣೆಯ ಫಲಿತಾಂಶ ಬಂದ ಮೇಲೂ ಸರಕಾರ ಯಾರದೆಂದು ತಿಳಿಯದೆ ವಾರಗಟ್ಟಲೆ ಕಾಯುವ ಅನುಭವ ಈ ಎರಡೂ ಕಡೆ ನಮಗೆ ಒದಗಿದೆ. 288 ಸ್ಥಾನಗಳ ಮಹಾರಾಷ್ಟ್ರ ವಿಧಾನಸಭೆಯಲ್ಲಿ 1990ರಿಂದೀಚೆಗೆ ನಡೆದ ಯಾವ ಚುನಾವಣೆಯಲ್ಲಿಯೂ ಒಂದೇ ಪಕ್ಷ 145ರ ಗಡಿಯನ್ನು ಮುಟ್ಟಿಲ್ಲ. 224 ಸ್ಥಾನಗಳ ಕರ್ನಾಟಕದಲ್ಲಿ 2013 ಮತ್ತು 2023ರಲ್ಲಿ ಸ್ಪಷ್ಟ ಬಹುಮತ ದೊರೆಯಿತಾದರೂ 2004, 2008 ಮತ್ತು 2018ರಲ್ಲಿ ಯಾವ ಪಕ್ಷಕ್ಕೂ 113 ಸ್ಥಾನಗಳು ಒದಗಲಿಲ್ಲ.

ಹೀಗಾದಾಗ ಸರಕಾರ ರಚನೆಯಾಗುವುದು ಹೇಗೆ? ಕಾನೂನು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ? ಕೆಲವು ಮೈತ್ರಿಗಳು ಹದಿನೈದು ವರ್ಷ ಬಾಳಿದರೆ ಇನ್ನು ಕೆಲವು ಏಳೇ ದಿನಗಳಲ್ಲಿ ಕುಸಿಯುವುದೇಕೆ? ಈ ಪ್ರಶ್ನೆಗಳನ್ನು ಎರಡೂ ರಾಜ್ಯಗಳ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಾರಿಗೆ ಮೊದಲ ಕರೆ?

ಸಂವಿಧಾನದ 164ನೇ ವಿಧಿಯು ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸತಕ್ಕದ್ದೆಂದೂ ಸಚಿವ ಸಂಪುಟವು ಒಟ್ಟಾಗಿ ವಿಧಾನಸಭೆಗೆ ಹೊಣೆಯಾಗಿರತಕ್ಕದ್ದೆಂದೂ ಹೇಳುತ್ತದೆ. ಬಹುಮತ ಯಾರಿಗೂ ಇಲ್ಲದಿದ್ದಾಗ ಯಾರನ್ನು ಕರೆಯಬೇಕೆಂಬುದನ್ನು ಅದು ವಿವರಿಸಿಲ್ಲ. ಕೇಂದ್ರ-ರಾಜ್ಯ ಸಂಬಂಧಗಳ ಅಧ್ಯಯನಕ್ಕಾಗಿ 1983ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ಆರ್.ಎಸ್. ಸರ್ಕಾರಿಯಾ ಆಯೋಗವು ಈ ಕೊರತೆಯನ್ನು ತುಂಬಲು ಒಂದು ಅನುಕ್ರಮವನ್ನು ಸೂಚಿಸಿತು. ಚುನಾವಣೆಗೆ ಮುನ್ನವೇ ಕೂಡಿಕೊಂಡ ಮೈತ್ರಿಕೂಟಕ್ಕೆ ಮೊದಲ ಆದ್ಯತೆ. ಇತರರ ಬೆಂಬಲದೊಡನೆ ಹಕ್ಕು ಮಂಡಿಸುವ ಅತಿ ದೊಡ್ಡ ಪಕ್ಷಕ್ಕೆ ಎರಡನೆಯ ಸ್ಥಾನ. ಚುನಾವಣೆಯ ಬಳಿಕ ಕೂಡಿ, ಎಲ್ಲರೂ ಸರಕಾರದಲ್ಲಿ ಸೇರುವ ಕೂಟಕ್ಕೆ ಮೂರನೆಯದು. ಕೆಲವರು ಒಳಗಿದ್ದು ಉಳಿದವರು ಹೊರಗಿನಿಂದ ಬೆಂಬಲಿಸುವ ಕೂಟಕ್ಕೆ ಕೊನೆಯದು.

ಇದು ಸಲಹೆಯೇ ಹೊರತು ಕಟ್ಟಳೆಯಲ್ಲ. ಆದುದರಿಂದಲೇ 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಗೊಂದಲ ಉಂಟಾಯಿತು. ಭಾರತೀಯ ಜನತಾ ಪಕ್ಷಕ್ಕೆ 104, ಕಾಂಗ್ರೆಸ್ಸಿಗೆ 78, ಜಾತ್ಯತೀತ ಜನತಾದಳಕ್ಕೆ 37 ಸ್ಥಾನಗಳು ಬಂದಿದ್ದವು. ಕಾಂಗ್ರೆಸ್ ಮತ್ತು ಜನತಾದಳ ಫಲಿತಾಂಶದ ದಿನವೇ ಒಂದುಗೂಡಿದರೂ ರಾಜ್ಯಪಾಲ ವಜುಭಾಯಿ ವಾಲಾ ಅವರು ಅತಿ ದೊಡ್ಡ ಪಕ್ಷದ ನಾಯಕರಾದ ಬಿ.ಎಸ್. ಯಡಿಯೂರಪ್ಪನವರನ್ನು ಆಹ್ವಾನಿಸಿ ಬಹುಮತ ಸಾಬೀತುಪಡಿಸಲು 15 ದಿನಗಳ ಕಾಲಾವಕಾಶ ನೀಡಿದರು. ಸರ್ವೋಚ್ಚ ನ್ಯಾಯಾಲಯವು ಆ ಅವಧಿಯನ್ನು ಮೊಟಕುಗೊಳಿಸಿ ಮೇ 19ರಂದೇ ಸದನದಲ್ಲಿ ಪರೀಕ್ಷೆ ನಡೆಸುವಂತೆ ಆದೇಶಿಸಿತು. ಯಡಿಯೂರಪ್ಪನವರು ಮತದಾನಕ್ಕೆ ಮುನ್ನವೇ ರಾಜೀನಾಮೆ ನೀಡಿದರು. ಮೇ 23ರಂದು ಎಚ್.ಡಿ. ಕುಮಾರಸ್ವಾಮಿಯವರು ಪ್ರಮಾಣವಚನ ಸ್ವೀಕರಿಸಿದರು.

ಕರ್ನಾಟಕ ದೇಶಕ್ಕೆ ಕೊಟ್ಟ ತೀರ್ಪು

ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕೆಂಬ ನಿಯಮ ಇಂದು ಎಲ್ಲರಿಗೂ ಸಹಜವೆನಿಸುತ್ತದೆ. ಆದರೆ ಅದು ಸ್ಥಿರಪಟ್ಟದ್ದು ಕನ್ನಡಿಗರೊಬ್ಬರ ಹೋರಾಟದಿಂದ ಎಂಬುದನ್ನು ನಾವು ನೆನೆಯಬೇಕು. ಎಸ್.ಆರ್. ಬೊಮ್ಮಾಯಿಯವರು 1988ರ ಆಗಸ್ಟಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದರು. ಮುಂದಿನ ಏಪ್ರಿಲಿನಲ್ಲಿ ಹತ್ತೊಂಬತ್ತು ಮಂದಿ ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎನ್ನುವ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರಲ್ಲಿ ಹಲವರು ತಾವು ಸರಕಾರದ ಪರವೇ ಇದ್ದೇವೆಂದು ಮರಳಿ ಬರೆದರು. ಅಧಿವೇಶನ ಕರೆದು ಬಲ ಪರೀಕ್ಷಿಸಿರೆಂದು ಬೊಮ್ಮಾಯಿಯವರು ಕೇಳಿಕೊಂಡರು. ಆ ಕೋರಿಕೆ ಈಡೇರಲಿಲ್ಲ. 1989ರ ಏಪ್ರಿಲ್ 21ರಂದು ಸರಕಾರ ವಜಾಗೊಂಡು ರಾಷ್ಟ್ರಪತಿ ಆಡಳಿತ ಜಾರಿಗೆ ಬಂತು.

ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದರು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಸರಕಾರದ ಬಲವನ್ನು ಅಳೆಯುವ ಸ್ಥಳ ರಾಜಭವನವಲ್ಲ, ವಿಧಾನಸಭೆ ಎಂಬುದು ಅದರ ಸಾರ. ಬೊಮ್ಮಾಯಿಯವರಿಗೆ ಕಳೆದುಹೋದ ಅಧಿಕಾರ ಮರಳಿ ಬರಲಿಲ್ಲವಾದರೂ ಅವರ ಹೆಸರು ದೇಶದ ರಾಜ್ಯಾಂಗ ಚರಿತ್ರೆಯಲ್ಲಿ ಶಾಶ್ವತವಾಯಿತು.

ಈ ತೀರ್ಪಿನ ಪ್ರಯೋಜನ ನಮ್ಮ ಮಹಾರಾಷ್ಟ್ರಕ್ಕೂ ದೊರೆಯಿತು. 2019ರ ನವೆಂಬರ್ 23ರ ನಸುಕಿನಲ್ಲಿ, ಮುಂಬಯಿ ಇನ್ನೂ ಕಣ್ಣುಜ್ಜುತ್ತಿರುವಾಗಲೇ, ರಾಷ್ಟ್ರಪತಿ ಆಡಳಿತ ತೆರವಾಗಿ ರಾಜಭವನದಲ್ಲಿ ದೇವೇಂದ್ರ ಫಡ್ನವಿಸ್ ಮುಖ್ಯಮಂತ್ರಿಯಾಗಿಯೂ ಅಜಿತ್ ಪವಾರ್ ಉಪಮುಖ್ಯಮಂತ್ರಿಯಾಗಿಯೂ ಪ್ರಮಾಣವಚನ ಸ್ವೀಕರಿಸಿದರು. ಮೂರು ದಿನಗಳ ಬಳಿಕ ಸರ್ವೋಚ್ಚ ನ್ಯಾಯಾಲಯವು ಮರುದಿನವೇ ಬಹಿರಂಗ ಮತದಾನದ ಮೂಲಕ ಬಲ ಪರೀಕ್ಷಿಸುವಂತೆ ಆದೇಶಿಸಿತು. ಅಂದೇ ಇಬ್ಬರೂ ರಾಜೀನಾಮೆ ನೀಡಿದರು. ನವೆಂಬರ್ 28ರಂದು ಶಿವಾಜಿ ಪಾರ್ಕಿನಲ್ಲಿ ಉದ್ಧವ್ ಠಾಕ್ರೆಯವರು ಅಧಿಕಾರ ವಹಿಸಿಕೊಂಡರು. ಹುಬ್ಬಳ್ಳಿಯ ಬೊಮ್ಮಾಯಿಯವರ ಮೊಕದ್ದಮೆ ಮಲಬಾರ್ ಹಿಲ್ಲಿನ ರಾಜಭವನದ ಬಾಗಿಲನ್ನೂ ತಟ್ಟಿತೆನ್ನಬೇಕು.

ಪಕ್ಷಾಂತರದ ಬೇಲಿ ಮತ್ತು ಅದರ ಕಂಡಿಗಳು

ಗೆದ್ದ ಶಾಸಕರು ಪಕ್ಷ ಬದಲಿಸುವುದನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಲಾಯಿತು. ಆಗ ಪಕ್ಷದ ಮೂರನೆಯ ಒಂದು ಭಾಗ ಒಡೆದು ಹೊರಬಂದರೆ ಅನರ್ಹತೆ ಇರಲಿಲ್ಲ. 2003ರ 91ನೇ ತಿದ್ದುಪಡಿ ಈ ವಿನಾಯಿತಿಯನ್ನು ರದ್ದುಪಡಿಸಿ, ಮೂರನೆಯ ಎರಡು ಭಾಗದಷ್ಟು ಶಾಸಕರು ಒಪ್ಪಿದ ವಿಲೀನಕ್ಕೆ ಮಾತ್ರ ರಕ್ಷಣೆ ಉಳಿಸಿತು. ಸಚಿವ ಸಂಪುಟದ ಗಾತ್ರ ವಿಧಾನಸಭೆಯ ಶೇಕಡಾ 15ನ್ನು ಮೀರಬಾರದೆಂದೂ ಅದೇ ತಿದ್ದುಪಡಿ ವಿಧಿಸಿತು. ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿಯೂ ಸೇರಿ 43, ಕರ್ನಾಟಕದಲ್ಲಿ 34 ಮಂದಿಗೆ ಮಾತ್ರ ಸಚಿವ ಪದವಿ. ಖಜಾನೆಯ ಹಿತಕ್ಕೆ ಇದು ಒಳ್ಳೆಯದೇ ಆದರೂ ಪಾಲುದಾರರು ಹೆಚ್ಚಿದಾಗ ಹಂಚಲು ಉಳಿಯುವುದು ಕಡಿಮೆಯಾಗಿ ಅಸಮಾಧಾನಕ್ಕೆ ಎಡೆಯಾಗುತ್ತದೆ.

ಬೇಲಿ ಗಟ್ಟಿಯಾದಂತೆ ಕಂಡಿ ಹುಡುಕುವ ಜಾಣ್ಮೆಯೂ ಬೆಳೆಯಿತು. ಪಕ್ಷ ಬಿಟ್ಟರೆ ಅನರ್ಹತೆ. ಶಾಸಕತ್ವಕ್ಕೇ ರಾಜೀನಾಮೆ ಕೊಟ್ಟು ಬೇರೆ ಪಕ್ಷದಿಂದ ಉಪಚುನಾವಣೆಯಲ್ಲಿ ನಿಂತರೆ? 2008ರ ಬಳಿಕ ಕರ್ನಾಟಕದಲ್ಲಿ ಈ ಉಪಾಯ ‘ಆಪರೇಷನ್ ಕಮಲ’ ಎಂದು ಹೆಸರಾಯಿತು. 2019ರ ಜುಲೈಯಲ್ಲಿ ಅದರ ಇನ್ನೊಂದು ಅಂಕ ನಡೆದದ್ದು ನಮ್ಮ ಮುಂಬಯಿಯಲ್ಲೇ. ರಾಜೀನಾಮೆ ಕೊಟ್ಟ ಕಾಂಗ್ರೆಸ್ ಮತ್ತು ಜನತಾದಳದ ಶಾಸಕರು ಪವಯಿಯ ಹೋಟೆಲಿನಲ್ಲಿ ತಂಗಿದ್ದರು. ಅವರನ್ನು ಮರಳಿ ಕರೆತರಲು ಜುಲೈ 10ರಂದು ಬಂದ ಸಚಿವ ಡಿ.ಕೆ. ಶಿವಕುಮಾರ್ ಅವರನ್ನು ಪೊಲೀಸರು ಗೇಟಿನ ಹೊರಗೇ ತಡೆದರು. ಜುಲೈ 23ರಂದು ಕುಮಾರಸ್ವಾಮಿಯವರು 99–105 ಮತಗಳಿಂದ ವಿಶ್ವಾಸಮತ ಕಳೆದುಕೊಂಡರು. ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅವರು 17 ಶಾಸಕರನ್ನು ಅನರ್ಹಗೊಳಿಸಿದರು. ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದರೂ ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವಕಾಶ ನೀಡಿತು. ಡಿಸೆಂಬರಿನಲ್ಲಿ ನಡೆದ 15 ಉಪಚುನಾವಣೆಗಳಲ್ಲಿ ಬಿಜೆಪಿ 12ನ್ನು ಗೆದ್ದಿತು.

ಮೂರು ವರ್ಷಗಳ ಬಳಿಕ, 2022ರ ಜೂನ್ ತಿಂಗಳಲ್ಲಿ, ಮಹಾರಾಷ್ಟ್ರದ ಶಾಸಕರು ಸೂರತ್ತಿಗೂ ಅಲ್ಲಿಂದ ಗುವಾಹಟಿಗೂ ಪಯಣಿಸಿದರು. ಏಕನಾಥ ಶಿಂದೆಯವರ ಬಣ ತಾನೇ ನಿಜವಾದ ಶಿವಸೇನೆಯೆಂದು ವಾದಿಸಿತು. ಜೂನ್ 29ರಂದು ಠಾಕ್ರೆಯವರು ಸದನವನ್ನು ಎದುರಿಸದೆ ರಾಜೀನಾಮೆ ನೀಡಿದರು. 2023ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯವು ಅಂದು ರಾಜ್ಯಪಾಲರು ಬಲ ಪರೀಕ್ಷೆಗೆ ಕರೆದದ್ದು ಸರಿಯಲ್ಲವೆಂದಿತು. ಆದರೆ ತಾವಾಗಿಯೇ ರಾಜೀನಾಮೆ ಕೊಟ್ಟವರನ್ನು ಮತ್ತೆ ಪೀಠಕ್ಕೇರಿಸಲು ಬಾರದೆಂದೂ ಹೇಳಿತು.

ಇಪ್ಪತ್ತು ತಿಂಗಳ ಮಾತು, ಎರಡೂವರೆ ವರ್ಷದ ಮಾತು

ಮೇಲಿನ ನಿಯಮಗಳೆಲ್ಲವೂ ತಲೆ ಎಣಿಸುವುದಕ್ಕೆ ಸಂಬಂಧಿಸಿದವು. ಮೈತ್ರಿಯನ್ನು ನಿಜಕ್ಕೂ ಹಿಡಿದಿಡುವುದು ಪಾಲುದಾರರ ನಡುವಣ ಮಾತು. ಆ ಮಾತಿನ ವಿಷಯದಲ್ಲಿ ಕಾನೂನು ಮೌನವಾಗಿದೆ. ಈ ಮೌನದ ಪರಿಣಾಮವನ್ನು ಎರಡು ಪ್ರಸಂಗಗಳು ತೋರಿಸುತ್ತವೆ.

2004ರ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜನತಾದಳಕ್ಕೆ 58 ಸ್ಥಾನಗಳು ಬಂದವು. ಧರ್ಮಸಿಂಗ್ ಅವರ ಕಾಂಗ್ರೆಸ್–ಜನತಾದಳ ಸರಕಾರ ಇಪ್ಪತ್ತು ತಿಂಗಳು ನಡೆದು 2006ರ ಜನವರಿಯಲ್ಲಿ ಬಿತ್ತು. ಫೆಬ್ರವರಿ 3ರಂದು ಕುಮಾರಸ್ವಾಮಿಯವರು ಬಿಜೆಪಿಯೊಡಗೂಡಿ ಮುಖ್ಯಮಂತ್ರಿಗಳಾದರು, ಯಡಿಯೂರಪ್ಪನವರು ಉಪಮುಖ್ಯಮಂತ್ರಿಗಳಾದರು. ಉಳಿದ ನಲವತ್ತು ತಿಂಗಳಲ್ಲಿ ತಲಾ ಇಪ್ಪತ್ತು ತಿಂಗಳು ಎಂಬುದು ಒಪ್ಪಂದ. 2007ರ ಅಕ್ಟೋಬರಿನಲ್ಲಿ ಸರದಿ ಬಂದಾಗ ಅಧಿಕಾರ ಹಸ್ತಾಂತರವಾಗಲಿಲ್ಲ. ಬಿಜೆಪಿ ಬೆಂಬಲ ಹಿಂತೆಗೆದುಕೊಂಡಿತು, ರಾಷ್ಟ್ರಪತಿ ಆಡಳಿತ ಬಂತು. ಮತ್ತೆ ರಾಜಿಯಾಗಿ ನವೆಂಬರ್ 12ರಂದು ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದರು. ಜನತಾದಳ ಹೊಸ ಷರತ್ತುಗಳನ್ನು ಮುಂದಿಟ್ಟು ಬೆಂಬಲ ನಿರಾಕರಿಸಿದ್ದರಿಂದ ಏಳೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. 2008ರ ಮೇ ತಿಂಗಳ ಚುನಾವಣೆಯಲ್ಲಿ ‘ವಚನಭ್ರಷ್ಟತೆ’ ಎಂಬ ಒಂದೇ ಪದ ರಾಜ್ಯವನ್ನೆಲ್ಲ ಸುತ್ತಿತು. ಬಿಜೆಪಿ 110ಕ್ಕೆ ಏರಿತು, ಜನತಾದಳ 28ಕ್ಕೆ ಇಳಿಯಿತು.

ಹನ್ನೆರಡು ವರ್ಷಗಳ ಬಳಿಕ ಅದೇ ಕಥೆ ಬೇರೆ ವೇಷದಲ್ಲಿ ಮುಂಬಯಿಯಲ್ಲಿ ನಡೆಯಿತು. 2019ರಲ್ಲಿ ಬಿಜೆಪಿ ಮತ್ತು ಶಿವಸೇನೆ ಕೂಡಿಯೇ ಚುನಾವಣೆಗೆ ಹೋಗಿದ್ದವು. ಅಕ್ಟೋಬರ್ 24ರ ಫಲಿತಾಂಶದಲ್ಲಿ 105 ಮತ್ತು 56 ಸ್ಥಾನಗಳೊಡನೆ ಕೂಟಕ್ಕೆ ಸ್ಪಷ್ಟ ಬಹುಮತವೂ ದೊರೆತಿತ್ತು. ಆದರೂ ಸರಕಾರ ಹುಟ್ಟಲಿಲ್ಲ. ಮುಖ್ಯಮಂತ್ರಿ ಪದವಿಯನ್ನೂ ತಲಾ ಎರಡೂವರೆ ವರ್ಷ ಹಂಚಿಕೊಳ್ಳುವ ಮಾತು ಅದೇ ವರ್ಷದ ಫೆಬ್ರವರಿಯ ಭೇಟಿಯಲ್ಲಿ ಆಗಿತ್ತೆಂದು ಶಿವಸೇನೆ ಹೇಳಿತು. ಅಂಥ ಮಾತೇ ಆಗಿಲ್ಲವೆಂದು ಬಿಜೆಪಿ ಹೇಳಿತು. ಯಾರು ಸರಿಯೆಂದು ತೀರ್ಮಾನಿಸಲು ಮತದಾರನ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ. ಎರಡೂ ಪಕ್ಷಗಳ ಚಿಹ್ನೆಗಳ ಮುಂದೆ ಗುಂಡಿ ಒತ್ತಿದ ಲಕ್ಷಾಂತರ ಜನ ಒಂದು ಕೂಟಕ್ಕೆಂದು ಮತ ಕೊಟ್ಟರು, ಅವರಿಗೆ ದೊರೆತದ್ದು ಇನ್ನೊಂದು ಕೂಟದ ಸರಕಾರ.

ಕರ್ನಾಟಕದಲ್ಲಿ ಮಾತು ಇತ್ತು, ಅದು ನಡೆಯಲಿಲ್ಲ. ಮಹಾರಾಷ್ಟ್ರದಲ್ಲಿ ಮಾತು ಇತ್ತೋ ಇಲ್ಲವೋ ಎಂಬುದೇ ವಿವಾದ. ಎರಡರಲ್ಲೂ ಸಮಾನವಾದದ್ದು ಒಂದೇ: ಮತದಾರನಿಗೆ ತಿಳಿಯಬೇಕಾದ ಕರಾರು ಮುಚ್ಚಿದ ಕೋಣೆಯಲ್ಲಿ ಉಳಿಯಿತು.

ಬರೆದರೆ ಸಾಕೇ?

ಹಾಗಾದರೆ ಎಲ್ಲವನ್ನೂ ಬರವಣಿಗೆಯಲ್ಲಿಟ್ಟರೆ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಬ್ಯಾಂಕಿನ ಮೇಜಿನ ಈಚೆ ಕುಳಿತು ದುಡಿದ ನನ್ನಂಥವರಿಗೆ ಈ ವಿಚಾರ ಸಹಜವಾಗಿಯೇ ಮೊದಲು ಹೊಳೆಯುತ್ತದೆ. ಪಾಲುದಾರಿಕೆಯ ಸಂಸ್ಥೆ ಚಾಲ್ತಿ ಖಾತೆ ತೆರೆಯಲು ಬಂದರೆ ನಾವು ಪಾಲುದಾರಿಕೆ ಪತ್ರ ಕೇಳುತ್ತೇವೆ, ಎಲ್ಲರ ರುಜು ಕೇಳುತ್ತೇವೆ, ಚೆಕ್ಕಿಗೆ ಯಾರು ಸಹಿ ಹಾಕತಕ್ಕದ್ದೆಂದು ಬರೆಸಿಕೊಳ್ಳುತ್ತೇವೆ. ಈ ನಗರದಲ್ಲಿ ಪಾಲಿನಲ್ಲಿ ಹೋಟೆಲು ನಡೆಸಿದ ನಮ್ಮವರಿಗೂ ಇದು ಹೊಸದಲ್ಲ. ಕೋಟಿಗಟ್ಟಲೆ ಜನರ ಆಡಳಿತಕ್ಕೆ ಅಷ್ಟು ಜಾಗರೂಕತೆಯೂ ಬೇಡವೇ?

ಆದರೆ ಅನುಭವ ಇನ್ನೊಂದು ಮುಖವನ್ನೂ ತೋರಿಸುತ್ತದೆ. 2018ರಲ್ಲಿ ಕಾಂಗ್ರೆಸ್ ಮತ್ತು ಜನತಾದಳ ಖಾತೆಗಳ ಹಂಚಿಕೆಯನ್ನು ಬರವಣಿಗೆಯಲ್ಲಿಟ್ಟು, ಐದು ವರ್ಷವೂ ಕುಮಾರಸ್ವಾಮಿಯವರೇ ಮುಖ್ಯಮಂತ್ರಿ ಎಂದು ಸಾರಿ, ಸಿದ್ದರಾಮಯ್ಯನವರ ಅಧ್ಯಕ್ಷತೆಯಲ್ಲಿ ಸಮನ್ವಯ ಸಮಿತಿಯನ್ನೂ ರಚಿಸಿದವು. ಆ ಸರಕಾರ ಹದಿನಾಲ್ಕು ತಿಂಗಳಲ್ಲಿ ಬಿತ್ತು. ಹಳೆಯ ಮೈಸೂರು ಭಾಗದ ಹಳ್ಳಿಹಳ್ಳಿಯಲ್ಲಿ ಪರಸ್ಪರ ಹೋರಾಡಿ ಬಂದ ಕಾರ್ಯಕರ್ತರು ನಾಯಕರ ಕಾಗದಕ್ಕೆ ಒಗ್ಗಿಕೊಳ್ಳಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ 28 ಸ್ಥಾನಗಳ ಪೈಕಿ ಎರಡು ಪಕ್ಷಗಳಿಗೂ ತಲಾ ಒಂದೇ ಒಂದು ದೊರೆಯಿತು. ಮತ ಎಣಿಕೆಯ ಮೇಲೆ ಬರೆದ ಕರಾರು ಅಧಿಕಾರವನ್ನು ಹಂಚಬಲ್ಲುದು, ಮನಸ್ಸುಗಳನ್ನು ಬೆಸೆಯಲಾರದು.

ಇದಕ್ಕೆ ಪ್ರತಿಯಾಗಿ ಬಾಳಿದ ಮೈತ್ರಿಗಳನ್ನು ನೋಡಿ. 1995ರಲ್ಲಿ ಶಿವಸೇನೆಗೆ 73, ಬಿಜೆಪಿಗೆ 65 ಸ್ಥಾನಗಳು ಬಂದಾಗ ಹೆಚ್ಚು ಗೆದ್ದವರಿಗೆ ಮುಖ್ಯಮಂತ್ರಿ ಪದವಿ, ಇನ್ನೊಬ್ಬರಿಗೆ ಉಪಮುಖ್ಯಮಂತ್ರಿ ಪದವಿ ಎಂಬ ಸರಳ ಸೂತ್ರದಂತೆ ಮನೋಹರ ಜೋಶಿ ಮತ್ತು ಗೋಪಿನಾಥ ಮುಂಡೆಯವರು ಅಧಿಕಾರ ವಹಿಸಿಕೊಂಡರು. ಆ ಮೈತ್ರಿ ಸರಕಾರ 1999ರ ಚುನಾವಣೆಯವರೆಗೂ ಉಳಿಯಿತು. 1999ರಲ್ಲಿ ಬೇರೆ ಬೇರೆಯಾಗಿ ಸ್ಪರ್ಧಿಸಿದ ಕಾಂಗ್ರೆಸ್ ಮತ್ತು ಶರದ್ ಪವಾರರ ರಾಷ್ಟ್ರವಾದಿ ಕಾಂಗ್ರೆಸ್ ಅನಂತರ ಕೂಡಿಕೊಂಡು ಹದಿನೈದು ವರ್ಷ ಆಳಿದವು. ಚುನಾವಣೆಯ ಬಳಿಕ ಹುಟ್ಟಿದ ಮೈತ್ರಿಯೂ ಬಾಳಬಲ್ಲುದೆಂಬುದಕ್ಕೆ ಇದೇ ನಿದರ್ಶನ. ಎರಡೂ ಒಂದೇ ಮನೆಯಿಂದ ಬಂದ ಪಕ್ಷಗಳು ಎಂಬುದು ಒಂದು ಕಾರಣವಾದರೆ, ಹಂಚಿಕೆ ಎಲ್ಲರಿಗೂ ಕಾಣುವಂತಿದ್ದುದು ಇನ್ನೊಂದು. ಮುಖ್ಯಮಂತ್ರಿ ಪದವಿ ಒಬ್ಬರಿಗೆ, ಗೃಹ ಮತ್ತು ಹಣಕಾಸು ಖಾತೆಗಳು ಇನ್ನೊಬ್ಬರಿಗೆ. 2004ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ 71, ಕಾಂಗ್ರೆಸ್ 69 ಗೆದ್ದಾಗಲೂ ಮುಖ್ಯಮಂತ್ರಿ ಪದವಿ ಕಾಂಗ್ರೆಸ್ಸಿಗೇ ಹೋಯಿತು. ಬದಲಿಗೆ ಪವಾರರ ಪಕ್ಷ ಹೆಚ್ಚು ಸಚಿವ ಸ್ಥಾನಗಳನ್ನು ಪಡೆಯಿತು. ವಿಲಾಸರಾವ್ ದೇಶಮುಖರಿಂದ ಪೃಥ್ವಿರಾಜ್ ಚವಾಣರವರೆಗೆ ಮುಖ್ಯಮಂತ್ರಿಗಳು ಬದಲಾದರು, ಮೈತ್ರಿ ಅಲುಗಲಿಲ್ಲ. ಅದು ಮುರಿದದ್ದು 2014ರ ಸೆಪ್ಟೆಂಬರ್ 25ರಂದು. ಬಿಜೆಪಿ–ಶಿವಸೇನೆಯ ಇಪ್ಪತ್ತೈದು ವರ್ಷಗಳ ಮೈತ್ರಿ ಮುರಿದದ್ದೂ ಅದೇ ದಿನ.

ಪರ್ಯಾಯದ ಪಾಠ

ಸರದಿಯ ಅಧಿಕಾರ ನಮ್ಮವರಿಗೆ ಅಪರಿಚಿತವಲ್ಲ. ಉಡುಪಿಯಲ್ಲಿ ಅಷ್ಟಮಠಗಳ ಯತಿಗಳು ಎರಡು ವರ್ಷಕ್ಕೊಮ್ಮೆ ಸರದಿಯಂತೆ ಶ್ರೀಕೃಷ್ಣನ ಪೂಜಾಧಿಕಾರವನ್ನು ವಹಿಸಿಕೊಳ್ಳುವ ಪರ್ಯಾಯ ಪದ್ಧತಿ ಶ್ರೀ ವಾದಿರಾಜರ ಕಾಲದಿಂದಲೂ ನಡೆದು ಬಂದಿದೆ. ಅಲ್ಲಿ ಯಾರ ಬಳಿಕ ಯಾರೆಂಬುದು ಮಗುವಿಗೂ ಗೊತ್ತು. ವರ್ಷಕ್ಕೆ ಮುನ್ನವೇ ಬಾಳೆ ಮುಹೂರ್ತ, ಬಳಿಕ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ಊರವರ ಸಮ್ಮುಖದಲ್ಲಿ ನಡೆಯುತ್ತವೆ. ಜನವರಿ ತಿಂಗಳ ಆ ಮುಂಜಾನೆ ಅಕ್ಷಯ ಪಾತ್ರೆ ಮತ್ತು ಸಟ್ಟುಗ ಕೈಯಿಂದ ಕೈಗೆ ದಾಟುವಾಗ ಸಾವಿರಾರು ಕಣ್ಣುಗಳು ನೋಡುತ್ತಿರುತ್ತವೆ. ಮಠದ ವ್ಯವಸ್ಥೆಗೂ ರಾಜಕೀಯಕ್ಕೂ ಹೋಲಿಕೆ ಸಲ್ಲದೆಂಬುದು ನಿಜ. ಯತಿಗಳು ಚುನಾವಣೆಗೆ ನಿಲ್ಲುವುದಿಲ್ಲ, ಅವರಿಗೆ ಶಾಸಕರ ಲೆಕ್ಕವಿಲ್ಲ. ಆದರೂ ಒಂದು ಪಾಠವನ್ನು ಅಲ್ಲಿಂದ ಕಲಿಯಬಹುದು: ಸರದಿ ನಿಲ್ಲುವುದು ಅದನ್ನು ಎಲ್ಲರೂ ಬಲ್ಲವರಾದಾಗ. ಊರೆಲ್ಲ ಅರಿತ ಮಾತನ್ನು ಮುರಿಯುವುದು ಕಷ್ಟ; ಇಬ್ಬರೇ ಅರಿತ ಮಾತನ್ನು ಮುರಿಯುವುದು ಸುಲಭ, ಅಲ್ಲಗಳೆಯುವುದು ಇನ್ನೂ ಸುಲಭ.

ಇದು ಸಮ್ಮಿಶ್ರ ಸರಕಾರಗಳಿಗೆ ಮಾತ್ರ ಸೀಮಿತವೆಂದೂ ತಿಳಿಯಬೇಕಾಗಿಲ್ಲ. 2023ರಲ್ಲಿ 135 ಸ್ಥಾನ ಗೆದ್ದ ಕರ್ನಾಟಕದ ಕಾಂಗ್ರೆಸ್ಸಿನಲ್ಲಿಯೂ ಮುಖ್ಯಮಂತ್ರಿ ಪದವಿಯ ಹಂಚಿಕೆಯ ಮಾತು ಆಗಿತ್ತೇ ಇಲ್ಲವೇ ಎಂಬ ಚರ್ಚೆ 2025ರ ಕೊನೆಯಲ್ಲಿ ಬೀದಿಗೆ ಬಂದುದನ್ನು ನಾವು ಕಂಡಿದ್ದೇವೆ.

ನಮ್ಮ ಬಾಗಿಲಿಗೆ ಬಂದ ಬಿಸಿ

‘ಯಾರು ಆಳಿದರೇನು, ರಾಗಿ ಬೀಸುವುದು ತಪ್ಪೀತೇ’ ಎಂದು ಕೈಚೆಲ್ಲುವವರಿದ್ದಾರೆ. ಆದರೆ ಅಸ್ಥಿರತೆಯ ಬಿಸಿ ನಮ್ಮ ಬಾಗಿಲಿಗೂ ತಟ್ಟುತ್ತದೆ. ಬೃಹನ್ಮುಂಬಯಿ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಚುನಾವಣೆಗೆ ಮುಖ್ಯ ತೊಡಕಾಯಿತು. ಅದರ ಜೊತೆಗೆ ಒಂದು ಸರಕಾರ ವಾರ್ಡುಗಳನ್ನು 227ರಿಂದ 236ಕ್ಕೆ ಏರಿಸಿದರೆ ಅದರ ಬಳಿಕ ಬಂದ ಸರಕಾರ ಮತ್ತೆ 227ಕ್ಕೆ ಇಳಿಸಿತು. ಅದೂ ನ್ಯಾಯಾಲಯಕ್ಕೆ ಹೋಯಿತು. 2026ರ ಜನವರಿಯಲ್ಲಿ ಚುನಾವಣೆ ನಡೆಯುವವರೆಗೆ ಮೂರೂವರೆ ವರ್ಷಗಳಿಗೂ ಮಿಕ್ಕಿ ಈ ಮಹಾನಗರಕ್ಕೆ ಚುನಾಯಿತ ಸದಸ್ಯರಿರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲಿ ಎಲ್ಲವೂ ನಡೆಯಿತು. ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಪಾಲಿಕೆ ಇದು. ಅವುಗಳಲ್ಲಿ ಕನ್ನಡವೂ ಒಂದು. ಶಾಲೆಗೆ ಶಿಕ್ಷಕರು ಸಾಲದಿದ್ದರೆ, ಬೀದಿಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಹಿಂದೆ ವಾರ್ಡಿನ ಸದಸ್ಯರ ಕಚೇರಿಗೆ ಹೋಗಿ ದೂರಬಹುದಾಗಿತ್ತು. ಆ ಬಾಗಿಲು ಅಷ್ಟು ಕಾಲ ಮುಚ್ಚಿತ್ತು.

ಆದುದರಿಂದ ಮತದಾರರಾದ ನಾವು ಕೇಳಬೇಕಾದ ಪ್ರಶ್ನೆಗಳು ಚುನಾವಣೆಗೆ ಮುಂಚಿನವು. ಕೈಜೋಡಿಸಿ ಮತ ಕೇಳಲು ಬಂದವರನ್ನು ನಿಲ್ಲಿಸಿ ಕೇಳೋಣ: ನಿಮ್ಮಲ್ಲಿ ಹೆಚ್ಚು ಗೆದ್ದವರಿಗೆ ಮುಖ್ಯಮಂತ್ರಿ ಪದವಿಯೇ, ಸರದಿಯೇ? ಸರದಿಯಾದರೆ ಯಾವ ತಿಂಗಳಿಂದ ಯಾವ ತಿಂಗಳಿಗೆ? ಮೈತ್ರಿ ಮುರಿದರೆ ಮತ್ತೆ ನಮ್ಮ ಬಳಿಗೆ ಬರುವಿರೋ, ಎದುರಾಳಿಯ ಮನೆಗೆ ಹೋಗುವಿರೋ? ಇವುಗಳಿಗೆ ಉತ್ತರ ಪ್ರಣಾಳಿಕೆಯ ಮೊದಲ ಪುಟದಲ್ಲಿರಲಿ. ಅದನ್ನು ಮುರಿದವರನ್ನು ನ್ಯಾಯಾಲಯ ಶಿಕ್ಷಿಸಲಾರದು. ಆದರೆ 2008ರಲ್ಲಿ ಕರ್ನಾಟಕದ ಮತದಾರ ತೋರಿಸಿದಂತೆ, ಮಾತು ಏನಿತ್ತೆಂದು ಜನರಿಗೆ ತಿಳಿದಿದ್ದರೆ ಅವರು ತೀರ್ಪು ಕೊಡಬಲ್ಲರು.

ಸಂಖ್ಯೆಯನ್ನು ಸದನದಲ್ಲಿಯೇ ಎಣಿಸಬೇಕೆಂಬ ನ್ಯಾಯವನ್ನು ಬೊಮ್ಮಾಯಿಯವರ ಮೊಕದ್ದಮೆ ದೇಶಕ್ಕೆ ದೊರಕಿಸಿಕೊಟ್ಟಿತು. ಮಾತನ್ನು ಮತದಾರನ ಮುಂದೆಯೇ ಆಡಬೇಕೆಂಬ ರೂಢಿಯನ್ನು ತರುವ ಹೊಣೆ ಯಾವ ನ್ಯಾಯಾಲಯದ್ದೂ ಅಲ್ಲ, ಎರಡೂ ವಿಧಾನಸಭೆಗಳನ್ನು ಬಲ್ಲ ನಮ್ಮಂಥವರದು.